ನೀಲಿ ಮುಖದ ನರ್ತಕಿ

ನಮ್ಮೂರಿನ ಮೊದಲ ಕಲರ್ ಟಿವಿ ನಿಜಕ್ಕೂ ಕಲರ್ ಟಿವಿ ಆಗಿರಲಿಲ್ಲ. ಪಕ್ಕದ ಮನೆಯವರು ಕಪ್ಪು-ಬಿಳುಪು ಟಿವಿಯ ಗಾಜಿನ ಮೇಲೆ ಮೂರು ಬಣ್ಣದ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದರು. ಮೇಲೆ ನೀಲಿ, ನಡುವೆ ಕೇಸರಿ, ಕೆಳಗೆ ಹಸಿರು. ದೆಹಲಿಯಿಂದ ಬಣ್ಣದ ಪ್ರಸಾರ ಆಗಷ್ಟೇ ಶುರುವಾಗಿತ್ತು. ಹಬ್ಬಕ್ಕೆಂದು ಹಾಡು, ಹಾಸ್ಯ, ನೃತ್ಯ ಎಲ್ಲ ಸೇರಿಸಿದ ವಿಶೇಷ ಕಾರ್ಯಕ್ರಮ ಬಂದರೆ ಇಡೀ ಕೇರಿ ಆ ಜಗಲಿಯಲ್ಲಿ ಚಾಪೆ ಹಾಸಿ ಕೂರುತ್ತಿತ್ತು. ವಾರ್ತೆ ಓದುವವರ ಹಣೆ ನೀಲಿ, ಕೊರಳು ಕೇಸರಿ. ಅದಕ್ಕೆ ಯಾರೂ ತಕರಾರು ತೆಗೆಯಲಿಲ್ಲ.

ಅಂಥ ಒಂದು ಕಾರ್ಯಕ್ರಮದಲ್ಲಿ ಹೆಸರಾಂತ ನರ್ತಕಿಯೊಬ್ಬರು ಕುಣಿದರು. ಮುಖ ನೀಲಿ! ಹಾಗಾದರೆ ಇದು ಕೃಷ್ಣನೇ ಎಂದು ಅಮ್ಮ ತೀರ್ಮಾನಿಸಿಬಿಟ್ಟಳು. ನಮ್ಮ ಕಡೆ ನೀಲಿ ಮುಖ ಕಂಡರೆ ಬೇರೇನೂ ಹೊಳೆಯುವುದಿಲ್ಲ. ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದ ಅವಳು ನನ್ನ ಶಾಲೆಯ ವಾರ್ಷಿಕೋತ್ಸವಕ್ಕೆ ನೀಲಿ ಕುಪ್ಪಸ, ಸೊಂಟಕ್ಕೆ ಕೇಸರಿ ಪಟ್ಟಿ, ಹಸಿರು ನೆರಿಗೆ ಎಲ್ಲ ಹೊಲಿದು, ನನ್ನ ಮುಖಕ್ಕೆ ನೀಲಿ ಬಳಿದು, ನೆನಪಿದ್ದಷ್ಟು ಹೆಜ್ಜೆ ಕಲಿಸಿದಳು. ಹಣೆಗೆ ಕೈ ಅಡ್ಡ ಹಿಡಿದು ದೂರದಲ್ಲಿ ಯಾರನ್ನೋ ಹುಡುಕುವ ಭಂಗಿಯೇ ಅದರಲ್ಲಿ ಮುಖ್ಯ. "ಟಿವಿಯಲ್ಲಿ ಬಂದದ್ದೇ, ಒಂಚೂರು ವ್ಯತ್ಯಾಸ ಇಲ್ಲ" ಎಂದು ಇಂದಿಗೂ ಬಂದವರಿಗೆಲ್ಲ ಹೇಳುತ್ತಾಳೆ. ಅವಳಿಗೆ ಅದಕ್ಕಿಂತ ದೊಡ್ಡ ಹೆಮ್ಮೆ ಇಲ್ಲ.

ಈ ವರ್ಷ ಅಮ್ಮ ವಿಸಿಟ್ ವೀಸಾದಲ್ಲಿ ಗಲ್ಫಿಗೆ, ಹೂರಾದ ನಮ್ಮ ಫ್ಲ್ಯಾಟಿಗೆ ಬಂದಳು. ಇಲ್ಲಿಯ ಕನ್ನಡಿಗರ ಕಾರ್ಯಕ್ರಮದಲ್ಲಿ ನನ್ನ ಮಗಳೂ ಅದೇ ನೃತ್ಯ ಮಾಡಬೇಕೆಂದು ಹಟ ಹಿಡಿದು, ಕೆಳಗಿನ ಅಂಗಡಿಯಿಂದ ಬಟ್ಟೆ ತಂದು, ಅದೇ ಮೂರು ಬಣ್ಣದ ಉಡುಪು ಹೊಲಿದಳು. ಕಾರ್ಯಕ್ರಮದ ಹಿಂದಿನ ಸಂಜೆ ನಾನು ಆಫೀಸಿನಿಂದ ಬರುವಷ್ಟರಲ್ಲಿ ಮಗಳು ಇಂಟರ್ನೆಟ್ಟಿನಲ್ಲಿ ಆ ಹಳೆಯ ಪ್ರಸಾರವನ್ನೇ ಹುಡುಕಿ ಟಿವಿಗೆ ಹಾಕಿದ್ದಳು.

ನರ್ತಕಿಯದು ಅಚ್ಚ ಕೆಂಪು ಸೀರೆ. ನೀಲಿಯ ಸುಳಿವೇ ಇಲ್ಲ. ನಿರೂಪಕಿ ಹಿಂದಿಯಲ್ಲಿ ಮೊದಲೇ ಹೇಳಿಬಿಟ್ಟಳು: ಇವಳು ಯಶೋದೆ, ಕಾಣದ ಮಗನನ್ನು ಹುಡುಕುತ್ತಿದ್ದಾಳೆ. ಆಗ ನಮ್ಮ ಕೇರಿಯಲ್ಲಿ ಹಿಂದಿ ಯಾರಿಗೆ ಬರುತ್ತಿತ್ತು? ಗಲ್ಫಿಗೆ ಬಂದು ಕಲಿತ ನಾನೇ ಅಮ್ಮನಿಗೆ ಅರ್ಥ ಹೇಳಿ, ಬಿದ್ದು ಬಿದ್ದು ನಕ್ಕೆ.

ಅಮ್ಮ ನಗಲಿಲ್ಲ. ಉಡುಪನ್ನು ಮಡಚಿ ಚೀಲಕ್ಕೆ ತುರುಕಿದಳು. "ಇದು ಬೇಡ ಮಾರಾಯ್ತಿ. ಮಗುವಿಗೆ ಎಲ್ಲರ ಎದುರು ನಾಚಿಕೆ ಆಗುದು ಬೇಡ. ನಿನ್ನ ಕೆಂಪು ಸೀರೆ ಉಂಟಲ್ಲ, ಕೊಡು, ಅದನ್ನೇ ಉಡಿಸುವ."

ನಾನು ನಗು ನಿಲ್ಲಿಸಿ ಟಿವಿ ಆರಿಸಿದೆ.

ಮಗಳು ಚೀಲಕ್ಕೆ ಕೈ ಹಾಕಿ ಉಡುಪನ್ನು ಎಳೆದುಕೊಂಡಳು. "ನೋ ಅಜ್ಜೀ, ನಂಗೆ ಬ್ಲೂ ಬೇಕು! ಕೃಷ್ಣನೂ ಸರ್ಚ್ ಮಾಡ್ಬಹುದಲ್ಲ?"

"ಅವನು ಯಾರನ್ನು ಹುಡುಕುದು?"

"ಅವನ ಅಮ್ಮನನ್ನ."

ಅಮ್ಮ ಸೂಜಿ ತಂದು, ಎಳೆದಾಟದಲ್ಲಿ ಬಿಟ್ಟ ಹೊಲಿಗೆಯನ್ನು ಹಾಕಲು ಕೂತಳು.

ಮರುದಿನ ಮಗಳು ಮುಖಕ್ಕೆಲ್ಲ ನೀಲಿ ಬಳಿದುಕೊಂಡು ವೇದಿಕೆ ಹತ್ತಿದಳು. ಹಣೆಗೆ ಕೈ ಹಿಡಿದು ಸಭೆಯ ಈ ಮೂಲೆಯಿಂದ ಆ ಮೂಲೆಗೆ ಹುಡುಕಿದಳು. ಕಣ್ಣಿಗೆ ಬೆಳಕು ಹೊಡೆದು ನಾವು ಎಲ್ಲಿದ್ದೇವೆಂದು ಅವಳಿಗೆ ನಿಜಕ್ಕೂ ಕಾಣುತ್ತಿರಲಿಲ್ಲ. ಅಮ್ಮ ತಡೆಯಲಾರದೆ ಎದ್ದು ನಿಂತು ಎರಡೂ ಕೈ ಬೀಸಿದಳು.

"ಇಲ್ಲಿದ್ದೇನೆ ಮಗಾ, ಇಲ್ಲಿ!"

ಸಭೆಯೆಲ್ಲ ನಕ್ಕು ಚಪ್ಪಾಳೆ ತಟ್ಟಿತು. ನನಗೆ ನಗುವಿನ ಜೊತೆ ಅಳುವೂ ಬಂತು. ನಾನು ನೀಲಿ ಮುಖದಲ್ಲಿ ಶಾಲೆಯ ವೇದಿಕೆಯಿಂದ ಹುಡುಕಿದಾಗಲೂ ಅವಳು ಹೀಗೇ ಎದ್ದು ನಿಂತಿದ್ದಳು.