ಕೆಂಚಿ ಎಳೆದ ದಿಕ್ಕು

ಹೋದ ವಾರ ಅಟ್ಟ ಗುಡಿಸೋಕೆ ಹತ್ತಿದ್ದೆ. ಮುರಿದ ಮೊರಗಳ ಹಿಂದೆ ಒಂದು ಸ್ಟೀಲ್ ಡಬ್ಬಿ ಸಿಕ್ಕಿತು. ಹಳೇ ಹಪ್ಪಳ ಇರಬೇಕು ಅಂದುಕೊಂಡು ಮುಚ್ಚಳ ಎತ್ತಿದರೆ ಒಳಗೆ ಮಡಿಸಿದ ಟವೆಲ್. ಕೊಬ್ಬರಿ ಎಣ್ಣೆ, ನಶ್ಯ ಎರಡೂ ಬೆರೆತ ವಾಸನೆ ಮೂಗಿಗೆ ಬಡೀತು ನೋಡಿ, ಏಣಿ ಮೇಲೆ ನಿಂತಿದ್ದವಳು ಮುಚ್ಚಳ ಹಾಗೇ ಮುಚ್ಚಿಬಿಟ್ಟೆ. ಸತ್ತು ಎಂಟು ವರ್ಷ ಆದ ಮನುಷ್ಯನ ವಾಸನೆ ಆ ಡಬ್ಬಿಯಲ್ಲಿ ಹಾಗೇ ಕೂತಿತ್ತು...

ಅವರು ನಮ್ಮ ಪಕ್ಕದ ಮನೆಯವರು. ಆಯುಷ್ಯವೆಲ್ಲ ಪೊಲೀಸ್ ನಾಯಿಗಳನ್ನು ಪಳಗಿಸಿ, ರಿಟೈರ್ ಆದಮೇಲೆ ದೊಡ್ಡಬಳ್ಳಾಪುರದ ಆಚೆ ಇರೋ ನಮ್ಮೂರಿಗೆ ವಾಪಸು ಬಂದಿದ್ದರು. ಊರೆಲ್ಲ ಅವರನ್ನು ನಾಯಿ ಮೇಷ್ಟ್ರು ಅಂತಲೇ ಕರೀತಿತ್ತು, ಎದುರಿಗೂ ಹಾಗೇ. ನಾಯಿಗೆ ಮೂಗಿನ ಪಾಠ ಹೇಳೋ ಮನುಷ್ಯ ತಾನು ಮಾತ್ರ ದಿನಕ್ಕೆ ಹತ್ತು ಸಲ ನಶ್ಯ ಏರಿಸೋರು. ನಾನು ರೇಗಿಸಿದರೆ, "ನನ್ನ ಮೂಗೂ ರಿಟೈರ್ ಆಗಿದೆ ಕಣಮ್ಮ" ಅನ್ನೋರು.

ಮಾಕಳಿದುರ್ಗ ಹತ್ತೋಕೆ ಬರೋ ಪೇಟೆ ಜನ ಆಗಾಗ ದಾರಿ ತಪ್ಪಿ ಬಂಡೆಗಳ ಮಧ್ಯೆ ಸಿಕ್ಕಿಕೊಳ್ಳೋದು ಮಾಮೂಲು. ಹುಡುಕೋ ನಾಯಿ ಬೇಕು ಅಂದರೆ ಬೆಂಗಳೂರಿಂದಲೇ ಬರಬೇಕು, ಅದು ಬರೋ ಹೊತ್ತಿಗೆ ಬೆಳಗಾಗಿರುತ್ತೆ. ಮೇಷ್ಟ್ರಿಗೆ ಅದೊಂದು ಹಟ ಹಿಡೀತು. ನಮ್ಮ ಬೀದಿಯಲ್ಲೇ ಹುಟ್ಟಿದ ಕೆಂಚಿ ಅನ್ನೋ ಹೆಣ್ಣು ನಾಯಿಯನ್ನು ಮನೆಗೆ ತಂದು ತಯಾರು ಮಾಡೋಕೆ ಶುರು ಮಾಡಿದರು. ಪರೀಕ್ಷೆಯಲ್ಲಿ ಪಾಸಾದರೆ ಕರೆಸ್ತೀವಿ ಅಂತ ರಕ್ಷಣಾ ತಂಡದವರು ಹೇಳಿದ್ದರು. ಬೀದಿ ನಾಯಿ ಪಾಸಾಗೋದನ್ನು ನೋಡಿಯೇ ಕಣ್ಣು ಮುಚ್ತೀನಿ ಅಂತ ಮೇಷ್ಟ್ರು ಹೇಳ್ತಾ ತಿರುಗೋರು.

ಅವರಿಗೆ ಮಂಡಿ ನೋವು, ನಾಯಿ ಹಿಂದೆ ಓಡೋಕೆ ಆಗ್ತಿರಲಿಲ್ಲ. ಹಾಗಾಗಿ ಅಡಗಿ ಕೂರೋದು ಅವರ ಕೆಲಸ, ಹಗ್ಗ ಹಿಡಿಯೋದು ನನ್ನ ಕೆಲಸ ಅಂತಾಯ್ತು. ನಾನು ಆಗ ಮಗ್ಗದ ಕೆಲಸ ಬಿಟ್ಟು ಮನೇಲಿದ್ದೆ. ಸಿಡುಕಿ ಅಂತ ಹೆಸರು ಬೇರೆ. ನನ್ನನ್ನೇ ಯಾಕೆ ಆರಿಸಿದಿರಿ ಅಂದಿದ್ದಕ್ಕೆ, ನಿನ್ನಷ್ಟು ಬಿರುಸಾಗಿ ನಡೆಯೋರು ಊರಲ್ಲಿ ಇನ್ಯಾರಿದ್ದಾರೆ ಅಂದರು. ನಾಯಿಗೆ ಡಬ್ಬಿಯಲ್ಲಿಟ್ಟ ಅವರ ಟವೆಲ್ ಮೂಸಿಸಬೇಕು, ಅದು ಅವರನ್ನು ಹುಡುಕಿ ಪಕ್ಕದಲ್ಲಿ ಕೂರಬೇಕು, ಆಗ ನಾನು ಚೆಂಡು ಕೊಡಬೇಕು. ಇಷ್ಟೇ ಪಾಠ.

ಮೊದಲ ಎರಡು ತಿಂಗಳು ಅವರು ದ್ರಾಕ್ಷಿ ತೋಟದ ಶೆಡ್ಡಲ್ಲೇ ಅಡಗ್ತಿದ್ದರು. ಕೆಂಚಿ ಬಾಣದ ಹಾಗೆ ಹೋಗಿ ಹಿಡೀತಿತ್ತು, ನಮಗೆಲ್ಲ ಏನೋ ಹೆಮ್ಮೆ. ಒಂದು ದಿನ ಅವರು ಎದುರುಗಡೆ ಪಂಪ್‌ಹೌಸಲ್ಲಿ ಕೂತರು. ಕೆಂಚಿ ಮೂಗನ್ನು ನೆಲಕ್ಕೆ ತಾಗಿಸಲೇ ಇಲ್ಲ, ಸೀದಾ ಖಾಲಿ ಶೆಡ್ಡಿಗೆ ಓಡಿ ಅಲ್ಲೇ ಗಿರಕಿ ಹೊಡೀತಾ ನಿಂತಿತು. ಮೇಷ್ಟ್ರು ಹೊರಗೆ ಬಂದು ಒಂದು ಚಿಟಿಕೆ ನಶ್ಯ ಏರಿಸಿದರು. ಆಮೇಲೆ, "ಇದು ಮೂಗಲ್ಲಿ ಹುಡುಕ್ತಿಲ್ಲಮ್ಮ, ಅಭ್ಯಾಸದಲ್ಲಿ ಹುಡುಕ್ತಿದೆ. ತಪ್ಪು ನನ್ನದು" ಅಂದರು.

ಅವತ್ತೇ ವಾರದ ಪಟ್ಟಿ ಶುರುವಾಯಿತು. ಒಂದು ದಿನ ರಾಗಿ ಹೊಲ, ಒಂದು ದಿನ ಮಗ್ಗಗಳ ಗದ್ದಲದ ಓಣಿ, ಒಂದು ದಿನ ಬಸ್ ಸ್ಟ್ಯಾಂಡಿನ ಜನಜಂಗುಳಿ, ಇನ್ನೊಂದು ದಿನ ಕುರಿ ವಾಸನೆ ನಡುವೆ ರೊಪ್ಪದಲ್ಲಿ. ಶುಕ್ರವಾರ ಬರೀ ಚೆಂಡಾಟ. ಭಾನುವಾರ ಯಾರೂ ಅಡಗ್ತಿರಲಿಲ್ಲ. ಇಲ್ಲಿ ಯಾರೂ ಇಲ್ಲ ಅಂತ ಹೇಳೋದನ್ನೂ ನಾಯಿ ಕಲೀಬೇಕಂತೆ. ಮುಂದಿನ ವಾರಕ್ಕೆ ಜಾಗ, ಹೊತ್ತು ಎಲ್ಲ ಅದಲು ಬದಲು. ಪಟ್ಟಿ ಅವರ ಜೇಬಲ್ಲೇ ಇರ್ತಿತ್ತು, ನನಗೆ ತೋರಿಸ್ತಿರಲಿಲ್ಲ. ಹಗ್ಗ ಹಿಡಿದವರಿಗೆ ಜಾಗ ಗೊತ್ತಿದ್ದರೆ ನಾಯಿ ಕೆಡುತ್ತೆ, ಅದು ಗಾಳಿ ಬಿಟ್ಟು ನಿನ್ನ ಕೈ ನೋಡೋಕೆ ಶುರು ಮಾಡುತ್ತೆ ಅಂತ ನೂರು ಸಲ ಹೇಳಿದ್ದರು.

ನನಗೋ ಸೋಲು ಅಂದರೆ ಮೈ ಉರಿಯುತ್ತೆ. ಮೊದಲ ವಾರ ನಾನೂ ಕೆಂಚಿಯೂ ಬಿಸಿಲಲ್ಲಿ ಒಂದೊಂದು ಗಂಟೆ ಅಲೆದೆವು. ಓಣಿಯಲ್ಲಿ ಮಗ್ಗದವರು, "ಏನಮ್ಮೋ, ನಾಯಿ ನಿನ್ನ ಮೇಯಿಸ್ತಾ ಇದೆಯಾ?" ಅಂತ ನಕ್ಕರು. ತಡೆಯೋಕಾಗಲಿಲ್ಲ. ಎಲ್ಲಿ ಅಡಗ್ತೀನಿ ಅಂತ ಮೇಷ್ಟ್ರು ಹೆಂಡತಿಗೆ ಮಾತ್ರ ಹೇಳಿ ಹೋಗ್ತಿದ್ದರು, ವಯಸ್ಸಾದೋರು, ಹೆಚ್ಚು ಕಡಿಮೆ ಆದರೆ ಅಂತ. ನಾನು ಆಕೆಯನ್ನು ಅಕ್ಕ ಅಂತಿದ್ದೆ. ಬೇಲಿ ಹತ್ತಿರ ಹೋಗಿ "ಅಕ್ಕಾ, ಇವತ್ತು ಎತ್ತಲಾಗೆ?" ಅಂದರೆ ಸಾಕು, ಪಾಪ, ನಾನು ಬಿಸಿಲಲ್ಲಿ ಸಾಯ್ತೀನಿ ಅಂತ ಗದ್ದ ಎತ್ತಿ ತೋರಿಸೋರು. ಅಲ್ಲಿಂದಾಚೆಗೆ ನಾವು ಸೋಲಲೇ ಇಲ್ಲ. "ನಿನ್ ಕೈಗುಣ ಚೆನ್ನಾಗಿದೆ ಕಣಮ್ಮ" ಅಂತ ಮೇಷ್ಟ್ರು ಅಂದಾಗ ನಾನು ನಾಚಿಕೆ ಇಲ್ಲದೆ ಹಿಗ್ಗಿದೆ.

ಪರೀಕ್ಷೆಗೆ ಹತ್ತು ದಿನ ಇತ್ತು. ಆ ಗುರುವಾರ ಬೆಳಿಗ್ಗೆ ಅಕ್ಕ ಕುರಿ ರೊಪ್ಪದ ಕಡೆ ಗದ್ದ ಎತ್ತಿದರು. ಟವೆಲ್ ಮೂಸಿಸಿ ಹೊರಟೆ. ಊರ ಮುಂದೆ ದಾರಿ ಎರಡಾಗುತ್ತೆ, ಬಲಕ್ಕೆ ರೊಪ್ಪ, ಎಡಕ್ಕೆ ಕೆರೆ ಏರಿ. ಕೆಂಚಿ ಎಡಕ್ಕೆ ಎಳೀತು. ನಾನು ಹಗ್ಗ ಜಗ್ಗಿದೆ. ಮತ್ತೆ ಎಡಕ್ಕೆ. "ಲೇ, ಕುರಿ ಕಂಡರೆ ಭಯಾನಾ ನಿನಗೆ?" ಅಂತ ಗದರಿ ಕುತ್ತಿಗೆ ಹೊರಳೋ ಹಾಗೆ ಎಳೆದೆ. ಮೂರನೇ ಸಲ ಅದು ನನ್ನ ಮುಖ ನೋಡಿತು. ನೋಡಿ, ಬಾಲ ಇಳಿಸಿಕೊಂಡು ನನ್ನ ಹಿಂದೆ ಬಂತು.

ರೊಪ್ಪದಲ್ಲಿ ಯಾರೂ ಇರಲಿಲ್ಲ. ಮೇಷ್ಟ್ರು ಈ ಕಡೆಗೇ ಬಂದಿಲ್ಲ ಅಂದ ಕುರಿ ಕಾಯೋನು. ಎಲ್ಲೋ ಮಾತಿಗೆ ನಿಂತಿರಬೇಕು, ನನ್ನನ್ನು ಇಲ್ಲಿ ಕಾಯಿಸ್ತಿದ್ದಾರೆ ಅಂತ ಸಿಟ್ಟು ಬಂತು ನನಗೆ. ಕಲ್ಲಿನ ಮೇಲೆ ಕೂತೆ. ಅರ್ಧ ಗಂಟೆ ಕೂತಿದ್ದೆ ಅಂತ ಈಗಲೂ ಹೇಳೋಕೆ ಬಾಯಿ ಬರಲ್ಲ... ಕೆಂಚಿ ಮಾತ್ರ ಕೆರೆ ಕಡೆ ಮುಖ ಮಾಡಿ ಕುಂಯ್‌ಗುಡ್ತಾನೇ ಇತ್ತು. ಕೊನೆಗೆ ಬೇಜಾರಾಗಿ, ಹಾಳಾಗಿ ಹೋಗು ಅಂತ ಹಗ್ಗ ಬಿಟ್ಟೆ.

ಅದು ಓಡಿದ್ದು ನೋಡಿ ದಡಬಡಾಯಿಸಿ ಎದ್ದೆ. ಹಿಂದೆ ಓಡಿದೆ. ಏರಿ ಕೆಳಗಿನ ಹೊಂಗೆ ಮರಕ್ಕೆ ಒರಗಿ ಮೇಷ್ಟ್ರು ಕೂತಿದ್ದರು, ಅಂಗಿ ಬೆವರಲ್ಲಿ ತೊಯ್ದಿತ್ತು, ಬಲಗೈ ಎದೆ ಮೇಲೆ. ರೊಪ್ಪಕ್ಕೆ ಹೊರಟವರು ದಾರಿಯಲ್ಲಿ ಎದೆ ಹಿಡಿದುಕೊಂಡು ನೆರಳಿಗೆ ಸರಿದಿರಬೇಕು. ಕೆಂಚಿ ಕಲಿಸಿದ ಹಾಗೇ ಪಕ್ಕದಲ್ಲಿ ಕೂತು, ಬಾಲ ಆಡಿಸ್ತಾ ನನ್ನ ಸೊಂಟದ ಕಡೆ ನೋಡ್ತಿತ್ತು. ಚೆಂಡು ಅಲ್ಲಿತ್ತು. ಮೇಷ್ಟ್ರು ಕಣ್ಣು ಬಿಟ್ಟು ಅದನ್ನು ನೋಡಿದರು, ಆಮೇಲೆ ನನ್ನನ್ನು. "ಕೊಡಮ್ಮ ಅದಕ್ಕೆ" ಅಂದರು. ಅಷ್ಟೇ. ಹಾಲಿನ ವ್ಯಾನಲ್ಲಿ ಮಲಗಿಸಿಕೊಂಡು ಹೊರಟೆವು, ದೊಡ್ಡಬಳ್ಳಾಪುರ ಇನ್ನೂ ಮೂರು ಮೈಲಿ ಇದೆ ಅನ್ನುವಾಗ ಹೋಗಿಬಿಟ್ಟರು.

ನನಗೆ ಇವತ್ತಿಗೂ ಅರಗದೆ ಇರೋದು ಆಮೇಲೆ ನಡೆದಿದ್ದು. ಯಜಮಾನನನ್ನು ಹುಡುಕಿಕೊಟ್ಟ ನಾಯಿ ಅಂತ ಊರವರು ಕೆಂಚಿಗೆ ಹೂವಿನ ಹಾರ ಹಾಕಿದರು. ಹಗ್ಗ ಹಿಡಿದವಳು ಅಂತ ನನ್ನನ್ನೂ ಹೊಗಳಿದರು. ನಾನು ತುಟಿ ಪಿಟಕ್ ಅನ್ನಲಿಲ್ಲ. ಹನ್ನೊಂದನೇ ದಿನ ಅಕ್ಕ ನನ್ನ ಕೈ ಹಿಡಿದು, "ನಾನು ಗದ್ದ ಎತ್ತದೆ ಇದ್ದಿದ್ದರೆ..." ಅಂತ ಅಲ್ಲಿಗೇ ನಿಲ್ಲಿಸಿದರು. ಕೆಂಚಿ ಮೂರು ಸಲ ಎಡಕ್ಕೆ ಎಳೆದಿತ್ತು ಅಂತ ಆಗಲಾದರೂ ಹೇಳಬಹುದಿತ್ತು. ಹೇಳಿದ್ದರೆ ಆಕೆಯ ಭಾರ ಅರ್ಧ ಇಳೀತಿತ್ತು. ಹೇಳಲಿಲ್ಲ. ಮುಂದೆ ಆಕೆ ನಾಯಿಯನ್ನೂ ಈ ಡಬ್ಬಿಯನ್ನೂ ನನಗೇ ಒಪ್ಪಿಸಿ ವಿಜಯಪುರದ ತಂಗಿ ಮನೆಗೆ ಹೋದರು, ಅಲ್ಲೇ ತೀರಿಕೊಂಡರು.

ಪರೀಕ್ಷೆಯನ್ನು ಮುಂದೆ ಹಾಕಿಸಿ, ಮೇಷ್ಟ್ರು ಹೋಗಿ ತಿಂಗಳಾದ ಮೇಲೆ ಕೆಂಚಿಯನ್ನು ಕರೆದುಕೊಂಡು ಹೋದೆ, ಅವರ ಆಸೆಯಾದರೂ ತೀರಲಿ ಅಂತ. ಬೆಟ್ಟದ ಬುಡದಲ್ಲಿ ಬಿಟ್ಟರು. ಕೆಂಚಿ ಗಾಳಿಗೆ ಮೂಗೆತ್ತಿತು, ನಾಲ್ಕು ಹೆಜ್ಜೆ ಹೋಯಿತು, ನಿಂತು ತಿರುಗಿ ನನ್ನ ಮುಖ ನೋಡಿತು. ಪ್ರತಿ ತಿರುವಿನಲ್ಲೂ ಹಾಗೇ. ಪರೀಕ್ಷೆ ಮಾಡಿದವರು, "ಮೂಗು ಬಹಳ ಚೆನ್ನಾಗಿದೆ, ಆದರೆ ಇದು ನಿಮ್ಮನ್ನ ಕೇಳ್ತಿದೆಯಲ್ಲ" ಅಂತ ಕಳಿಸಿಬಿಟ್ಟರು. ಅಷ್ಟು ಜಾಗ ಬದಲಾಯಿಸಿ, ಹೊತ್ತು ಬದಲಾಯಿಸಿ ಆ ಮನುಷ್ಯ ಕಲಿಸಿದ ವಿದ್ಯೆಯನ್ನು ನಾನು ಒಂದು ಬೆಳಿಗ್ಗೆ, ಮೂರು ಸಲ ಹಗ್ಗ ಜಗ್ಗಿ ಅಳಿಸಿ ಹಾಕಿದ್ದೆ.

ಹೋದ ವಾರ ಡಬ್ಬಿ ಹಿಡಿದು ಕೆಳಗಿಳಿದೆ. ಕೆಂಚಿ ಈಗ ಮುದಿಯಾಗಿದೆ, ಮೂತಿಯೆಲ್ಲ ಬೆಳ್ಳಗಾಗಿದೆ, ಜಗಲಿ ಬಿಟ್ಟು ಏಳೋದೇ ಅಪರೂಪ. ಟವೆಲ್ ಮೂಗಿನ ಹತ್ತಿರ ಹಿಡಿದೆ. ಯಾಕೆ ಹಿಡಿದೆನೋ, ಬುದ್ಧಿ ಇದ್ದವರು ಮಾಡೋ ಕೆಲಸ ಅಲ್ಲ. ಅದರ ಕಿವಿ ನೆಟ್ಟಗಾದವು. ಹಿಂಗಾಲು ನಡುಗಿಸ್ತಾ ಎದ್ದು ಗೇಟಿನ ತನಕ ಹೋಗಿ, ಗಾಳಿಗೆ ಮೂಗೆತ್ತಿ, ಎಡಕ್ಕೆ ಕೆರೆ ಕಡೆ ಒಂದು ಹೆಜ್ಜೆ ಇಟ್ಟಿತು. ಆಮೇಲೆ ನಿಂತು ನನ್ನ ಕಡೆ ತಿರುಗಿತು.

"ಹೋಗು ಕೆಂಚಿ, ನಿನ್ನಿಷ್ಟ" ಅಂದೆ. ಕದಲಲಿಲ್ಲ. ನನ್ನ ಮುಖ ಕಾಣದೆ ಹೋದರೆ ಹೋದೀತು ಅಂತ ಗೋಡೆ ಕಡೆ ತಿರುಗಿ ನಿಂತೆ. ಬೀದಿಯಲ್ಲಿ ಹಾಲಿನ ವ್ಯಾನ್ ಬಂತು, ಹೋಯಿತು. ಬಹಳ ಹೊತ್ತಾದ ಮೇಲೆ ಮೆಲ್ಲಗೆ ತಿರುಗಿ ನೋಡಿದೆ. ಅದು ಅಲ್ಲೇ ನಿಂತು ನನ್ನನ್ನೇ ನೋಡ್ತಿತ್ತು.