ಕೆಳಗೆ ಮಲಗುವ ಚಾಂಪಿಯನ್

ಪಿಸ್ಕಾಟವೇ ಊರಿನ ನಮ್ಮ ಆಫೀಸಿನಲ್ಲಿ ಭಾಷಣ ಮಾಡಲು ಒಬ್ಬ ಜರ್ಮನ್ ಚಾಂಪಿಯನ್ ಬರುವವರಿದ್ದರು. ಮಂಜುಗಡ್ಡೆಯ ಇಳಿಜಾರಿನಲ್ಲಿ ಜಾರುಬಂಡಿ ಓಡಿಸುವ ಲೂಜ್ ಆಟದವರು, ಅದರಲ್ಲೂ ಡಬಲ್ಸ್. ಒಬ್ಬರ ಮೇಲೊಬ್ಬರು ಅಂಗಾತ ಮಲಗಿ, ಬ್ರೇಕೇ ಇಲ್ಲದ ಬಂಡಿಯಲ್ಲಿ ಕಾರಿಗಿಂತ ಜೋರಾಗಿ ಇಳಿಯಬೇಕು. ಅವರನ್ನು ಏರ್‌ಪೋರ್ಟಿನಿಂದ ಕರೆತರುವ ಕೆಲಸ ನನ್ನ ತಲೆಗೆ ಬಿತ್ತು.

ಟರ್ನ್‌ಪೈಕ್ ಹೆದ್ದಾರಿ ಹತ್ತಿದ್ದೇ ತಡ, ಪುಣ್ಯಾತ್ಮರು ಬಾಗಿಲ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಪಕ್ಕದಲ್ಲಿ ಟ್ರಕ್ ಬಂದಾಗಲೆಲ್ಲ ಅವರ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ನನ್ನ ಡ್ರೈವಿಂಗ್ ಬಗ್ಗೆ ಹೆಂಡತಿಯಿಂದ ಕೇಳುವುದೇ ನನಗೆ ಸಾಕಾಗಿತ್ತು.

“ನೀವು ಇದಕ್ಕಿಂತ ಜೋರಾಗಿ ಹೋದವರಲ್ಲವೇ?” ಅಂದೆ, ಸ್ವಲ್ಪ ಖಾರವಾಗಿಯೇ.

“ಹೋಗಿದ್ದೇನೆ. ಆದರೆ ನಾನು ಯಾವಾಗಲೂ ಕೆಳಗೆ ಮಲಗುವವನು. ದಾರಿ ನೋಡುವುದು ಮೇಲಿನವನ ಕೆಲಸ, ನನಗೆ ಕಾಣುತ್ತಿದ್ದದ್ದು ಅವನ ಬೆನ್ನು. ದಾರಿ ಕಂಡಿದ್ದರೆ ಮೊದಲ ದಿನವೇ ಬಿಟ್ಟುಬಿಡುತ್ತಿದ್ದೆ.”

ಆಫೀಸಿನ ಬಾಗಿಲಲ್ಲಿ ನಮ್ಮ ಮ್ಯಾನೇಜರ್ ದೊಡ್ಡ ಬ್ಯಾನರ್ ಕಟ್ಟಿಸಿದ್ದರು: ‘ಮುಂದಿನ ದಾರಿಯ ಮೇಲೆ ಕಣ್ಣಿಡುವುದು ಹೇಗೆ?’ ಚಾಂಪಿಯನ್ ಅದನ್ನು ಓದಿ ನನ್ನ ಮುಖ ನೋಡಿದರು. ಆಮೇಲೆ ಒಳಗೆ ಹೋಗಿ, ಒಂದು ಗಂಟೆ ಅದನ್ನೇ ಹೇಳಿಕೊಟ್ಟರು. ನಾನೂ ಎದ್ದು ನಿಂತು ಚಪ್ಪಾಳೆ ತಟ್ಟಿದೆ.

ವಾಪಸ್ ಹೊರಟಾಗ ಕಾರು ಹತ್ತಿದವರೇ ಸೀಟನ್ನು ಪೂರ್ತಿ ಹಿಂದಕ್ಕೆ ಬಾಗಿಸಿ, ಅಂಗಾತ ಮಲಗಿ, “ಈಗ ಎಷ್ಟು ಜೋರಾಗಿ ಬೇಕಾದರೂ ಓಡಿಸಿ” ಅಂದರು.