ಯಂಕಕ್ಕನ ಎಂಟು ಬೇವಿನ ಮಣೆಗಳು

ತಪ್ಪು ನನ್ನದೇ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ತಿಂಥಣಿಯ ನನ್ನ ಅಕ್ಕ ಯಂಕಮ್ಮ ಬೇವಿನ ಹಲಗೆಯಿಂದ ತರಕಾರಿ ಹೆಚ್ಚುವ ಮಣೆ ಮಾಡುತ್ತಾಳೆ. ಗಂಡ ಅಮಾತೆಪ್ಪ ಬಾಗಿಲು, ಚೌಕಟ್ಟು ಮಾಡಿ ಉಳಿಸಿದ ತುಂಡುಗಳಲ್ಲೇ ಕೈ ಪಳಗಿಸಿಕೊಂಡವಳು. ಓಣಿಯವರು ಅದನ್ನು ಹೊತ್ತು ಕಳೆಯುವ ಆಟ ಎನ್ನುತ್ತಿದ್ದರು. ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅಂಥದರಲ್ಲಿ ಸುರಪುರದ ಒಂದು ಹಾಸ್ಟೆಲ್ಲಿನಲ್ಲಿ ಅಡುಗೆ ಮಾಡುವ ಶಿವಬಸಮ್ಮ ಎಂಟು ಮಣೆ ಬೇಕೆಂದರು. ಅಕ್ಕನ ಮೊದಲ ದೊಡ್ಡ ಕೆಲಸ! ಷರತ್ತು ಒಂದೇ.

"ಕಟ್ಟಿ ಮ್ಯಾಲ ಇಟ್ರ ಅಲ್ಲಾಡಬಾರ್ದು ನೋಡವಾ. ಒಂದ ಅಲ್ಲಾಡಿದ್ರೂ ಎಂಟೂ ವಾಪಸ್."

ಕೊಡುವ ಹಿಂದಿನ ದಿನ ಅಕ್ಕ ಸಂತೆಗೆ ಹೋಗಿದ್ದಳು. ಹಪ್ಪಳ, ಮೆಣಸಿನಕಾಯಿ, ಹಾಸಿಗೆ, ಏನನ್ನೇ ಬಿಸಿಲಿಗೆ ಹಾಕಿದರೂ ಒಳ್ಳೆಯದೇ ಎಂದು ನಂಬಿದ ಸೀಮೆ ನಮ್ಮದು. ಉಪಕಾರ ಮಾಡುವ ಹುರುಪಿನಲ್ಲಿ ಎಂಟನ್ನೂ ಮಾಳಿಗೆಯ ಮೇಲೆ ಹರವಿದೆ. ಸಂಜೆ ನೋಡಿದರೆ ಎಂಟೂ ಬೊಗಸೆಯ ಹಾಗೆ ಬಾಗಿದ್ದವು!

ಅಕ್ಕ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಒಂದನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, "ಬಿಸಲು ಬಿದ್ದ ಮಗ್ಗಲಾ ಒಣಗಿ ಕುಗ್ಗ್ಯಾದ. ಅದಕ್ಕ ನೀರು ಕುಡಿಸೂಣು," ಎಂದಳು.

ಬೆಳಗಾಗುತ್ತಲೇ ಕೃಷ್ಣೆಯ ದಂಡೆಗೆ ಹೋದೆವು. ಹಸಿ ಮರಳಿನ ಮೇಲೆ ತೋಯಿಸಿದ ಗೋಣಿತಟ್ಟು ಹಾಸಿ, ಮಣೆಗಳನ್ನು ತಗ್ಗಿನ ಮಗ್ಗುಲು ಕೆಳಗಾಗುವಂತೆ ಬೋರಲು ಹಾಕಿದೆವು. ಮೇಲಾದ ಅವುಗಳ ಬೆನ್ನಿಗೆ ಬಿಸಿಲು ಬೀಳುತ್ತಿತ್ತು. ಗಳಿಗೆಗೊಮ್ಮೆ ನಾನು ಎತ್ತಿ ನೋಡುವುದು, ಅಕ್ಕ ನನ್ನ ಕೈ ಮೇಲೆ ಹೊಡೆಯುವುದು.

"ಬಸವಾ, ಸುಮ್ನ ಕುಂದ್ರೋ!"

ಹತ್ತು ಗಂಟೆಗೆ ಒಂದು ಮಣೆ ಚಪ್ಪಟೆಯಾಗಿ ಕೂತಿತು. ಆಮೇಲೆ ಇನ್ನೊಂದು! ನಾನು ಮರಳಿನಲ್ಲೇ ಕುಣಿದುಬಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಎಂಟೂ ದಾರಿಗೆ ಬಂದಿದ್ದವು. ಎರಡೂ ಮಗ್ಗುಲಿಗೆ ಕುಸುಬಿ ಎಣ್ಣೆ ತಿಕ್ಕಿ, ಬಟ್ಟೆ ಸುತ್ತಿ, ಅಕ್ಕನನ್ನು ಕೂರಿಸಿಕೊಂಡು ಸುರಪುರಕ್ಕೆ ನನ್ನ ಆಟೋ ಓಡಿಸಿದೆ. ದಾರಿಯಲ್ಲಿ ಒಬ್ಬ ಪ್ಯಾಸೆಂಜರನ್ನೂ ಹತ್ತಿಸಿಕೊಳ್ಳಲಿಲ್ಲ.

ಶಿವಬಸಮ್ಮ ಒಂದೊಂದನ್ನೇ ಫರಸಿ ಕಲ್ಲಿನ ಕಟ್ಟೆಯ ಮೇಲಿಟ್ಟು ನಾಲ್ಕೂ ಮೂಲೆ ಒತ್ತಿದರು. ಏಳು ಮಿಸುಕಲಿಲ್ಲ. ಎಂಟನೆಯದನ್ನು ಒತ್ತಿದರು, ಇನ್ನೊಮ್ಮೆ ಒತ್ತಿದರು. ಅದೂ ಅಲ್ಲಾಡಲಿಲ್ಲ. ಅದರ ಮೇಲೆ ಒಂದು ಉಳ್ಳಾಗಡ್ಡಿ ಇಟ್ಟು ಟಕಟಕ ಹೆಚ್ಚಿದರು.

ಅಕ್ಕನ ಕಣ್ಣು ತುಂಬಿ ಬಂತು.

"ಇನ್ನೊಂದು ಹೆಚ್ಚರಿ ಅಕ್ಕಾರ," ಎಂದಳು. "ಆ ಸಪ್ಪಳ ಕೇಳಬೇಕ ನಾ."